ಫ್ಲಾಟಿನ ಡಿಜಿಟಲ್ ನೀರಿನ ಮೀಟರ್ ಮತ್ತು ಅದರ ಆ್ಯಪ್: ಬಹಳ ಕಾಲ ಬಳಸಿದ ಮೇಲೆ

2024ರ ಬೇಸಿಗೆಯಲ್ಲಿ ಬೆಂಗಳೂರಿನ ಎಷ್ಟೋ ಬೋರ್‌ವೆಲ್‌ಗಳು ಬತ್ತಿಹೋದವು. ಟ್ಯಾಂಕರ್ ನೀರಿನ ದರವನ್ನು ಜಿಲ್ಲಾಡಳಿತವೇ ನಿಗದಿ ಮಾಡಬೇಕಾಯಿತು. ಉತ್ತರಹಳ್ಳಿ ಕಡೆಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಪ್ರತಿ ಫ್ಲಾಟಿಗೂ ನೀರಿನ ಮೀಟರ್ ಬಂದದ್ದು ಆ ವರ್ಷವೇ. ಅಲ್ಲಿಯವರೆಗೆ ನೀರಿನ ಖರ್ಚು ಮೇಂಟೆನೆನ್ಸ್‌ನಲ್ಲೇ ಸೇರಿಹೋಗುತ್ತಿತ್ತು. ಇಬ್ಬರಿರುವ ಮನೆಗೂ ಆರು ಜನರಿರುವ ಮನೆಗೂ ಒಂದೇ ಲೆಕ್ಕ.

ಮೀಟರ್ ಚೆನ್ನಾಗಿದೆ. ಬ್ಯಾಟರಿಯಲ್ಲಿ ನಡೆಯುತ್ತದೆ, ವೈರ್ ಎಳೆಯುವ ಗೋಜಿಲ್ಲ. ನಮ್ಮ ಕಟ್ಟಡದಲ್ಲಿ ಟೆರೇಸಿನ ಟ್ಯಾಂಕಿನಿಂದ ಒಂದೊಂದು ಬಾತ್‌ರೂಮಿಗೂ ಬೇರೆ ಬೇರೆ ಪೈಪ್ ಇಳಿಯುತ್ತದೆ. ಹಾಗಾಗಿ ಒಂದು ಫ್ಲಾಟಿಗೆ ಒಂದು ಮೀಟರ್ ಸಾಲುವುದಿಲ್ಲ. ಅಡುಗೆಮನೆಗೊಂದು, ಪ್ರತಿ ಬಾತ್‌ರೂಮಿಗೊಂದು ಬೇಕು. ಖರ್ಚು ಜಾಸ್ತಿಯಾಯಿತು ನಿಜ, ಆದರೆ ಅದೇ ಮುಂದೆ ಉಪಕಾರಕ್ಕೆ ಬಂತು.

ನನ್ನ ತಕರಾರು ಇರುವುದು ಆ್ಯಪ್ ಬಗ್ಗೆ. ಆಫೀಸಿನಲ್ಲಿ ನನ್ನ ಕೆಲಸವೇ ಅಂಕಿ-ಸಂಖ್ಯೆಗಳನ್ನು ಗ್ರಾಫ್ ಮಾಡಿ ಕೊಡುವುದು. ಅದಕ್ಕೇ ಇದು ನನ್ನನ್ನು ಇಷ್ಟು ಕಾಡುತ್ತದೆ.

ಆ್ಯಪ್ ತೆರೆದ ಕೂಡಲೇ ಈ ವಾರದ ಏಳು ಕಂಬಗಳು ಕಾಣುತ್ತವೆ. ನೋಡಲು ಚೆಂದ. ಆದರೆ ಪಕ್ಕದ ಅಳತೆಪಟ್ಟಿ ವಾರ ವಾರವೂ ಬದಲಾಗುತ್ತದೆ. ದಿನಕ್ಕೆ 400 ಲೀಟರ್ ದಾಟದ ವಾರದಲ್ಲೂ ಎತ್ತರದ ಕಂಬ ಮೇಲಿನ ಅಂಚು ಮುಟ್ಟುತ್ತದೆ, 900 ಲೀಟರ್ ಆದ ವಾರದಲ್ಲೂ ಅಲ್ಲಿಗೇ ಮುಟ್ಟುತ್ತದೆ. 'ನೆಂಟರು ಬಂದಿದ್ದಾಗಲೂ ಇಷ್ಟೇ ಇತ್ತಲ್ಲಮ್ಮಾ' ಎಂದು ನಮ್ಮ ಅತ್ತೆ ಕೇಳಿದರು. ಅವರು ಕೇಳಿದ್ದು ಸರಿಯಾಗಿಯೇ ಇದೆ. ಕಂಬ ನೋಡುವ ಕಣ್ಣು ಎತ್ತರವನ್ನಷ್ಟೇ ಓದುತ್ತದೆ, ಪಕ್ಕದ ಸಣ್ಣ ಅಂಕಿಗಳನ್ನಲ್ಲ. ಅಳತೆ ಒಂದೇ ಇರಬೇಕು, ಸೊನ್ನೆಯಿಂದಲೇ ಶುರುವಾಗಬೇಕು.

ಇನ್ನು ಕೆಂಪು-ಹಸಿರು. ಕಟ್ಟಡದ ಸರಾಸರಿಗಿಂತ ಹೆಚ್ಚು ಬಳಸಿದರೆ ಕೆಂಪು. ಮನೆಯಲ್ಲಿ ಎಷ್ಟು ಜನ ಇದ್ದಾರೆ ಎಂದು ಆ್ಯಪ್ ಕೇಳುವುದೇ ಇಲ್ಲ. ನಮ್ಮ ದೇಶದಲ್ಲಿ ನಗರದ ಮನೆಗಳಿಗೆ ತಲೆಗೆ ದಿನಕ್ಕೆ 135 ಲೀಟರ್ ಎಂಬ ಲೆಕ್ಕ ಬಳಕೆಯಲ್ಲಿದೆ. ಅದರಂತೆ ಐದು ಜನರ ಮನೆಗೆ 675 ಲೀಟರ್. ಅವರು 600ರಲ್ಲಿ ಮುಗಿಸಿದರೂ ಕೆಂಪು, ಒಬ್ಬರೇ ಇದ್ದು 400 ಸುರಿದವರಿಗೆ ಹಸಿರು. ಇದು ಅನ್ಯಾಯ ಅಲ್ವಾ?

ಇಷ್ಟೆಲ್ಲ ಹೇಳಿದ ಮೇಲೂ ಈ ಆ್ಯಪ್ ನನಗೆ ಬೇಕು. ಕಾರಣ, ಮೂರು ಪುಟ ಒಳಗೆ ಅಡಗಿರುವ ಒಂದು ಗೆರೆ. ಪ್ರತಿ ಮೀಟರಿನಲ್ಲಿ ಗಂಟೆ ಗಂಟೆಗೆ ಎಷ್ಟು ನೀರು ಹರಿಯಿತು ಎಂದು ಅದು ತೋರಿಸುತ್ತದೆ. ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಏರು, ಸಂಜೆ ಇನ್ನೊಂದು ಏರು. ರಾತ್ರಿ ಎರಡರಿಂದ ನಾಲ್ಕರ ನಡುವೆ ಅದು ನೆಲಕ್ಕೆ ಮಲಗಬೇಕು. ನಮ್ಮದು ಮಲಗುತ್ತಿರಲಿಲ್ಲ. ಒಂದು ಬಾತ್‌ರೂಮಿನ ಗೆರೆ ಗಂಟೆಗೆ ಸುಮಾರು 10 ಲೀಟರಿನಲ್ಲಿ ನಿಂತುಬಿಡುತ್ತಿತ್ತು. ಮನೆಯವರೆಲ್ಲ ನಿದ್ದೆಯಲ್ಲಿ, ನಲ್ಲಿಗಳೆಲ್ಲ ಬಂದ್. ನೋಡಿದರೆ ಫ್ಲಶ್ ಟ್ಯಾಂಕಿನ ರಬ್ಬರ್ ವಾಷರ್ ಸವೆದು, ಸದ್ದಿಲ್ಲದೆ ನೀರು ಜಾರುತ್ತಿತ್ತು. ಪ್ಲಂಬರ್ ವಾಷರ್ ಬದಲಿಸಿದ ರಾತ್ರಿಯೇ ಗೆರೆ ಸೊನ್ನೆಗೆ ಇಳಿಯಿತು.

ಗಂಟೆಗೆ 10 ಎಂದರೆ ದಿನಕ್ಕೆ 240 ಲೀಟರ್, ಹೆಚ್ಚುಕಡಿಮೆ ಇಬ್ಬರ ಬಳಕೆ. ತಿಂಗಳಿಗೆ 7,200. 6,000 ಲೀಟರಿನ ಟ್ಯಾಂಕರಿಗಿಂತ ಜಾಸ್ತಿ! ಬೆಂಗಳೂರಿಗೆ ಕಾವೇರಿ ನೀರು ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ ಬರುತ್ತದೆ. ದಾರಿಯಲ್ಲಿ ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಪಂಪ್ ಮಾಡಿ, ಒಟ್ಟು ಸುಮಾರು 500 ಮೀಟರ್ ಮೇಲಕ್ಕೆ ಎತ್ತುತ್ತಾರೆ. ಅಷ್ಟು ಕಷ್ಟಪಟ್ಟು ತಂದ ನೀರು ಯಾರ ಕೈಗೂ ತಾಗದೆ ಒಳಚರಂಡಿಗೆ ಹೋಗುವುದು ನೋಡಿ ಹೊಟ್ಟೆ ಉರಿಯಿತು.

ಊರಿನ ಪೈಪುಗಳಲ್ಲಿ ಸೋರಿಕೆ ಹುಡುಕುವ ಎಂಜಿನಿಯರುಗಳೂ ನೋಡುವುದು ಈ ರಾತ್ರಿಯ ಹರಿವನ್ನೇ. ಹಾಗಿದ್ದರೂ ಆ್ಯಪ್ ಎಚ್ಚರಿಕೆ ಕೊಡುವುದು ದಿನದ ಮಿತಿ ದಾಟಿದಾಗ ಮಾತ್ರ. ಸಣ್ಣ ಸೋರಿಕೆ ಆ ಮಿತಿ ಮುಟ್ಟುವುದೇ ಇಲ್ಲ. ರಾತ್ರಿ ಗೆರೆ ಸೊನ್ನೆಗಿಳಿಯದಿದ್ದರೆ ಮೆಸೇಜ್ ಕಳಿಸಿ ಎಂದು ಕಂಪನಿಗೆ ಎಷ್ಟು ಸಲ ಬರೆದರೂ 'ಗಮನಿಸುತ್ತೇವೆ' ಎಂಬ ಉತ್ತರವೇ. ಹನಿ ಹನಿ ತೊಟ್ಟಿಕ್ಕುವ ನಲ್ಲಿ ಮಾತ್ರ ಈ ಮೀಟರಿಗೂ ಕಾಣುವುದಿಲ್ಲ. ಅದನ್ನು ನೀವೇ ನೋಡಿಕೊಳ್ಳಬೇಕು. ಫ್ಲಶ್ ಟ್ಯಾಂಕಿನ ಅನುಮಾನವಿದ್ದರೆ ಅದಕ್ಕೆ ಸ್ವಲ್ಪ ಫುಡ್ ಕಲರ್ ಹಾಕಿ, ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ. ಕಮೋಡಿನಲ್ಲಿ ಬಣ್ಣ ಕಂಡರೆ ಸೋರುತ್ತಿದೆ ಎಂದೇ ಲೆಕ್ಕ.

ಕೊನೆಯದಾಗಿ, ಇದೇ ಗೆರೆ ನಮ್ಮ ಮನೆ ಯಾವಾಗ ಖಾಲಿ ಇರುತ್ತದೆ ಎಂಬುದನ್ನೂ ಹೇಳುತ್ತದೆ. ಮೊದಮೊದಲು ಅಸೋಸಿಯೇಷನ್ ಆಫೀಸಿನ ಕಂಪ್ಯೂಟರಿನಲ್ಲಿ ಎಲ್ಲ ಫ್ಲಾಟುಗಳ ಗಂಟೆವಾರು ಗೆರೆಯನ್ನು ಯಾರು ಬೇಕಾದರೂ ತೆರೆಯಬಹುದಿತ್ತು. ಈಗ ಅಲ್ಲಿ ತಿಂಗಳ ಒಟ್ಟು ಮಾತ್ರ ಕಾಣುವಂತೆ ಮಾಡಿಸಿದ್ದೇವೆ. ನಿಮ್ಮಲ್ಲಿ ಹಾಕಿಸುವುದಾದರೆ ಇದನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಿ. ಸಹಿ ಆದ ಮೇಲೆ ಕೇಳಿ ಮಾಡಿಸುವಷ್ಟರಲ್ಲಿ ನಮಗೆ ಸಾಕುಸಾಕಾಯಿತು.