ಡಿಸೆಂಬರ್ ಶುರುವಿನ ಜಪಾನ್ ಸ್ಕೀ ಪ್ಯಾಕೇಜ್: ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಸಿಂಗಪುರದಲ್ಲಿರುವ ಕನ್ನಡದವರೇ, ನವೆಂಬರ್ ಮಧ್ಯದಿಂದ ಮಕ್ಕಳಿಗೆ ರಜೆ ಅಂತ ಜಪಾನಿಗೆ ಸ್ಕೀ ಮಾಡಲು ಹೊರಟಿದ್ದೀರಾ? ಅದೂ ಡಿಸೆಂಬರ್ ಮೊದಲ ವಾರಕ್ಕೆ? ಅದೂ ಜೀವನದಲ್ಲಿ ಮೊದಲ ಸಲ, ಮನೆಮಂದಿಯನ್ನೆಲ್ಲ ಕರೆದುಕೊಂಡು? ಹಾಗಾದರೆ ದಯವಿಟ್ಟು ಪೂರ್ತಿ ಓದಿ. ಬರಹ ಸ್ವಲ್ಪ ಅಡ್ಡಾದಿಡ್ಡಿ ಇರಬಹುದು. ಸಿಟ್ಟು ಇನ್ನೂ ಇಳಿದಿಲ್ಲ.

ಏಜೆಂಟ್ ಯಾರು ಅಂತ ಕೇಳಬೇಡಿ, ಹೆಸರು ಹಾಕುವುದಿಲ್ಲ. ನಮ್ಮ ಕಡೆಯವರೇ. ಯುಗಾದಿ ಊಟಕ್ಕೆ ಪಕ್ಕದ ಎಲೆಯಲ್ಲಿ ಕೂತು, ಹೋಳಿಗೆ ಹಾಕಿಸಿಕೊಳ್ಳುತ್ತಾ ಕಾರ್ಡ್ ಕೊಟ್ಟವರು. "ಮೇಡಂ, ನಮ್ಮೋರಿಗೆ ಅಂತಾನೇ ಸ್ಪೆಷಲ್ ರೇಟ್ ಹಾಕ್ತೀನಿ" ಅಂದರು. "ಡಿಸೆಂಬರ್ 20ರ ಮೇಲೆ ಹೋದ್ರೆ ರೇಟು ಡಬಲ್. ಮೊದಲ ವಾರ ಹೋಗಿ. ಜನಾನೇ ಇರಲ್ಲ, ಬೆಟ್ಟವೆಲ್ಲ ನಿಮ್ದೇ."

ಬೆಟ್ಟವೆಲ್ಲ ನಮ್ಮದೇ ಆಯಿತು, ಅದು ಸುಳ್ಳಲ್ಲ. ಹಿಮ ಮಾತ್ರ ಇರಲಿಲ್ಲ.

ನಾನು ಸುಮ್ನೆ ನಂಬಿ ದುಡ್ಡು ಕೊಟ್ಟವಳಲ್ಲ. ನೇರವಾಗಿ ಕೇಳಿದ್ದೆ. "ನಮ್ಮಲ್ಲಿ ಯಾರೂ ಸ್ಕೀ ಮುಟ್ಟಿಯೂ ನೋಡಿಲ್ಲ. ಮಕ್ಕಳು ಚಿಕ್ಕವರು. ಅತ್ತೆ ಮಾವ ಹಾಸನದಿಂದ ಬರ್ತಾರೆ. ಹೊಸದಾಗಿ ಕಲಿಯುವವರ ಜಾಗ ಆ ವಾರ ನಡೀತಿರುತ್ತಾ?" ಅಂತ ವಾಟ್ಸ್ಆ್ಯಪ್‌ನಲ್ಲಿ ಬರೆದು ಕೇಳಿದ್ದೆ. ಉತ್ತರ ಇನ್ನೂ ನನ್ನ ಫೋನಿನಲ್ಲಿದೆ: "100% ಮೇಡಂ. ಇದು ಸ್ನೋ ಗ್ಯಾರಂಟಿ ಪ್ಯಾಕೇಜ್." ಕೊನೆಗೆ ಒಂದು ಹೆಬ್ಬೆರಳು, ಒಂದು ಹಿಮದ ಹಳಕಿನ ಚಿತ್ರ.

ಹಕುಬಾ ಅಂತ ಊರು, ನಾಗಾನೋ ಪ್ರಾಂತ್ಯ. 1998ರ ಚಳಿಗಾಲದ ಒಲಿಂಪಿಕ್ಸ್‌ನ ಹಲವು ಸ್ಕೀ ಪಂದ್ಯಗಳು ನಡೆದ ಕಣಿವೆ. ಜಾಗ ಚೆನ್ನಾಗಿದೆ, ಜನ ಬಂಗಾರದಂಥವರು. ಅವರ ಮೇಲೆ ನನ್ನ ದೂರು ಏನೂ ಇಲ್ಲ. ಟೋಕಿಯೊದಿಂದ ನಾಗಾನೋವರೆಗೆ ಶಿಂಕಾನ್ಸೆನ್ ಬುಲೆಟ್ ರೈಲು, ಅಲ್ಲಿಂದ ಬಸ್ಸು. ಬಸ್ಸಿನ ಕಿಟಕಿಗೆ ಮೂಗು ಒತ್ತಿಕೊಂಡು ಮಕ್ಕಳು "ಎಲ್ಲಿ ಸ್ನೋ? ಎಲ್ಲಿ ಸ್ನೋ?" ಅಂತ ಕೇಳುತ್ತಲೇ ಇದ್ದರು. ದೂರದ ಶಿಖರಗಳ ನೆತ್ತಿ ಬೆಳ್ಳಗಿತ್ತು. ಬುಡವೆಲ್ಲ ಕಂದು ಹುಲ್ಲು. ಜಿಟಿಜಿಟಿ ಮಳೆ. ನನಗೆ ಅಲ್ಲೇ ಹೊಟ್ಟೆಯಲ್ಲಿ ಕಸಿವಿಸಿ ಶುರುವಾಯಿತು.

ಮಾರನೇ ದಿನ ಬೆಳಗ್ಗೆ ಬಾಡಿಗೆ ಅಂಗಡಿಯಲ್ಲಿ ಎಲ್ಲರಿಗೂ ಬೂಟು, ಹೆಲ್ಮೆಟ್ಟು, ಬಟ್ಟೆ ಹಾಕಿಸಿದೆವು. ಸ್ಕೀ ಬೂಟು ಹಾಕಿಸುವುದು ಎಂಥ ಕೆಲಸ ಅಂತ ಮಾಡಿದವರಿಗೇ ಗೊತ್ತು. ಸಣ್ಣವಳ ಕಾಲು ಒಳಗೆ ಹೋಗಲೊಲ್ಲದು, ಹೋದದ್ದು ಹೊರಗೆ ಬರಲೊಲ್ಲದು. ಅಷ್ಟೆಲ್ಲ ಬೆವರಿಳಿಸಿ, ಟಕಟಕ ಸದ್ದು ಮಾಡುತ್ತಾ ಕ್ಲಾಸಿನ ಕೌಂಟರಿಗೆ ಹೋಗಿ ಏಜೆಂಟ್ ಕೊಟ್ಟ ವೋಚರ್ ಕೊಟ್ಟೆ.

ಕೌಂಟರಿನ ಹುಡುಗಿ ವೋಚರ್ ನೋಡಿದಳು. ಇನ್ನೊಬ್ಬಳನ್ನು ಕರೆದಳು. ಇಬ್ಬರೂ ನೋಡಿದರು. ಆಮೇಲೆ ಬೆಟ್ಟದ ನಕ್ಷೆ ತೆಗೆದು ನನ್ನ ಮುಂದೆ ಹರಡಿದಳು. ಅದರಲ್ಲಿ ಹಸಿರು ಗೆರೆ ಅಂದರೆ ಹೊಸಬರ ದಾರಿ, ಕೆಂಪು ಅಂದರೆ ಮಧ್ಯಮ, ಕಪ್ಪು ಅಂದರೆ ಪಳಗಿದವರದು. ಹಸಿರು ಗೆರೆಗಳೆಲ್ಲ ಬಹುಪಾಲು ಬೆಟ್ಟದ ಬುಡದಲ್ಲಿದ್ದವು. ಪೆನ್ನು ತೆಗೆದುಕೊಂಡು ಒಂದೊಂದರ ಮೇಲೂ ಅಡ್ಡ ಗೀಟು ಎಳೆದಳು. ಇದು ಇಲ್ಲ. ಇದೂ ಇಲ್ಲ. ಇದೂ ಇಲ್ಲ. ಕೊನೆಗೆ ನೆತ್ತಿಯ ಹತ್ತಿರ ಒಂದೇ ಒಂದು ಲಿಫ್ಟಿಗೆ (ಸ್ಕೀ ಮಾಡುವವರನ್ನು ಬೆಟ್ಟದ ಮೇಲಕ್ಕೆ ಒಯ್ಯುವ ತಂತಿ ಕುರ್ಚಿ) ಸುತ್ತು ಹಾಕಿದಳು. ಅದೊಂದು ಓಡುತ್ತಿದೆ, ಆದರೆ ಅಲ್ಲಿ ಚೆನ್ನಾಗಿ ಸ್ಕೀ ಬರುವವರು ಮಾತ್ರ. ಅವರೂ ವಾಪಸ್ ಗೊಂಡೋಲಾದಲ್ಲಿ (ತಂತಿಗೆ ನೇತಾಡುವ ಡಬ್ಬಿ) ಕೂತೇ ಕೆಳಗೆ ಬರಬೇಕು, ಬುಡದವರೆಗೆ ಹಿಮವೇ ಇಲ್ಲವಲ್ಲ. ಮಕ್ಕಳ ಕ್ಲಾಸು? ಎರಡೂ ಕೈಗಳನ್ನು ಎದೆಯ ಮುಂದೆ ಅಡ್ಡ ಹಿಡಿದು, ತಲೆ ಬಾಗಿಸಿ, "ಸಾರಿ, ಸಾರಿ" ಅಂದಳು.

ಇಷ್ಟೇ ಆಗಿದ್ದರೆ ಹವಾಮಾನದ ತಲೆ ಮೇಲೆ ಹಾಕಿ ಸುಮ್ಮನಾಗುತ್ತಿದ್ದೆ. ಮುಂದಿನದು ಕೇಳಿ.

"ನಮ್ಮದು ಬುಕಿಂಗ್ ಆಗಿದೆಯಲ್ಲ, ದುಡ್ಡು ಕಟ್ಟಿದ್ದೇವಲ್ಲ" ಅಂದೆ. ಅವಳು ಕಂಪ್ಯೂಟರಿನಲ್ಲಿ ಹುಡುಕಿ, ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಬುಕಿಂಗ್ ಆಗಿಯೇ ಇರಲಿಲ್ಲ. ಏಜೆಂಟ್ ಬರೀ ವಿಚಾರಿಸಿ ಮೇಲ್ ಹಾಕಿದ್ದರು. ಅದಕ್ಕೆ ಇವರು ಉತ್ತರವನ್ನೂ ಕೊಟ್ಟಿದ್ದರು, ಇಂಗ್ಲಿಷಿನಲ್ಲಿ, ಸ್ಪಷ್ಟವಾಗಿ: ಕೆಳಗಿನ ಇಳಿಜಾರಿನಲ್ಲಿ ಸಾಕಷ್ಟು ಹಿಮ ಬಿದ್ದ ಮೇಲೆಯೇ ಮಕ್ಕಳ ಕ್ಲಾಸು, ಡಿಸೆಂಬರ್ ಮೊದಲ ವಾರಕ್ಕೆ ತೆಗೆದುಕೊಳ್ಳುವುದಿಲ್ಲ. ಆ ಇ-ಮೇಲ್‌ನ ತಾರೀಖು ನವೆಂಬರ್ ಮೂರನೇ ವಾರದ್ದು. ನನ್ನ ಹತ್ತಿರ ಬಾಕಿ ದುಡ್ಡು ವಸೂಲಿ ಮಾಡಿದ್ದು ನವೆಂಬರ್ ಕೊನೆಗೆ.

ಅರ್ಥ ಆಯ್ತಾ? ಅವರಿಗೆ ಗೊತ್ತಿತ್ತು. ಗೊತ್ತಿದ್ದೂ "ಮೇಡಂ, ಬ್ಯಾಲೆನ್ಸ್ ಇವತ್ತೇ ಹಾಕಿಬಿಡಿ, ಇಲ್ಲಾಂದ್ರೆ ಕ್ಲಾಸಿನ ಸೀಟು ಹೋಗುತ್ತೆ" ಅಂತ ಮೆಸೇಜ್ ಹಾಕಿದ್ದರು. ಇಲ್ಲದ ಕ್ಲಾಸಿನ ಸೀಟು!

ಹಿಂದೆ ತಿರುಗಿ ನೋಡಿದರೆ ಮಕ್ಕಳು ಹೆಲ್ಮೆಟ್ ಹಾಕಿಕೊಂಡು ತಯಾರಾಗಿ ನಿಂತಿದ್ದರು. ಅತ್ತೆ ಥರ್ಮಲ್ ಮೇಲೆ ಸೀರೆ, ಅದರ ಮೇಲೆ ಜಾಕೆಟ್ಟು ಹಾಕಿಕೊಂಡು ಬೆಂಚಿನ ಮೇಲೆ ಕೂತಿದ್ದರು. ಮಾವ ಹಾಸನಕ್ಕೆಲ್ಲ ಹೇಳಿಕೊಂಡು ಬಂದಿದ್ದರು, ವಿಡಿಯೊ ಕಾಲ್ ಮಾಡ್ತೀನಿ ಅಂತ. ಅವರು ಬೈಯಲಿಲ್ಲ. "ಈ ಮಂಜು ಮಳೆ ನೋಡೋಕೆ ಮುಳ್ಳಯ್ಯನಗಿರಿಗೇ ಹೋಗಬಹುದಿತ್ತಲ್ಲಮ್ಮ" ಅಂದರು ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ಅಲ್ಲಿಂದಲೇ ಏಜೆಂಟಿಗೆ ಮೆಸೇಜ್ ಹಾಕಿದೆ. ಉತ್ತರಗಳನ್ನು ಇದ್ದ ಹಾಗೇ ಹಾಕುತ್ತಿದ್ದೇನೆ, ನೋಡಿ.

"ಮೇಡಂ, ರೆಸಾರ್ಟ್ ಓಪನ್ ಇದೆ. ಅವರ ವೆಬ್‌ಸೈಟಲ್ಲೇ ಹಾಕಿದಾರೆ ನೋಡಿ."

"ಸ್ನೋ ಗ್ಯಾರಂಟಿ ಅಂದ್ರೆ ಕಣಿವೆಯಲ್ಲಿ ಯಾವ ಬೆಟ್ಟದಲ್ಲಾದ್ರೂ ಒಂದು ಲಿಫ್ಟ್ ಓಡ್ತಿದ್ರೆ ಸಾಕು. ಟರ್ಮ್ಸಲ್ಲಿ ಇದೆ."

"ಪ್ರಕೃತಿ ಮೇಡಂ. ನಮ್ಮ ಕೈಲಿ ಏನಿದೆ ಹೇಳಿ?"

ಆ ಟರ್ಮ್ಸ್ ಅನ್ನುವುದು ಕಳಿಸಿದ್ದು ದುಡ್ಡು ಕಟ್ಟಿದ ಮೇಲೆ! ನಾನು ಸ್ಕೀ ಕ್ಲಾಸಿನವರ ಆ ಇ-ಮೇಲ್‌ನ ಫೋಟೋ ತೆಗೆದು ಕಳಿಸಿದೆ. ನೀಲಿ ಗುರುತು ತಕ್ಷಣ ಬಿತ್ತು. ಉತ್ತರ ಇಲ್ಲ. ಕಾಲ್ ಮಾಡಿದರೆ ಎತ್ತಲಿಲ್ಲ. ಸಂಜೆ ಬಂತು: "ಮಕ್ಕಳಿಗೆ ಸ್ನೋ ತೋರ್ಸೋಕೆ ಗೊಂಡೋಲಾದಲ್ಲಿ ಮೇಲೆ ಕರ್ಕೊಂಡು ಹೋಗಿ ಮೇಡಂ. ಹಾಟ್ ಚಾಕೊಲೇಟ್ ನನ್ನ ಲೆಕ್ಕ."

ಹಾಟ್ ಚಾಕೊಲೇಟ್ ನನ್ನ ಲೆಕ್ಕ. ಇದನ್ನು ಎಷ್ಟು ಸಲ ಓದಿದರೂ ಮೈ ಉರಿಯುತ್ತದೆ. (ಆ ದುಡ್ಡೂ ಬಂದಿಲ್ಲ, ಬಿಡಿ.)

ನಾವು ಉಳಿದಿದ್ದ ಪೆನ್ಷನ್‌ನ (ಅಲ್ಲಿ ಚಿಕ್ಕ ವಸತಿಗೃಹಕ್ಕೆ ಹಾಗಂತಾರೆ) ಮಾಲೀಕರು ವಯಸ್ಸಾದವರು. ಫೋನಿನಲ್ಲಿ ಅನುವಾದ ಮಾಡಿಕೊಂಡು ತಾಳ್ಮೆಯಿಂದ ವಿಷಯ ಹೇಳಿದರು. ಸೈಬೀರಿಯಾ ಕಡೆಯಿಂದ ತಣ್ಣನೆ ಗಾಳಿ ಬೀಸಬೇಕು. ಅದು ಜಪಾನ್ ಸಮುದ್ರ ದಾಟುವಾಗ ನೀರಿನ ಆವಿ ಹೊತ್ತುಕೊಂಡು ಬಂದು ಈ ಬೆಟ್ಟಗಳಿಗೆ ಬಡಿಯಬೇಕು. ಆಗ ಹಿಮ. ನಮ್ಮ ಆಗುಂಬೆಗೆ ಮುಂಗಾರು ಬಡಿದ ಹಾಗೇ. ಜೂನ್ ಮೊದಲ ವಾರಕ್ಕೇ ಮಳೆ ಬರುತ್ತೆ ಅಂತ ಯಾರಾದರೂ ಗ್ಯಾರಂಟಿ ಕೊಡ್ತಾರಾ? ಜನವರಿ, ಫೆಬ್ರವರಿಯಲ್ಲಿ ಇಲ್ಲಿ ಬೇಡ ಬೇಡ ಅಂದರೂ ಸುರಿಯುತ್ತದೆ. ಡಿಸೆಂಬರ್ ಶುರು ಅಂದರೆ ಲಾಟರಿ. 2019-20ರ ಚಳಿಗಾಲದಲ್ಲಂತೂ ಜನವರಿ ಬಂದರೂ ಹಕುಬಾ ಇರುವ ಹೊನ್ಶೂ ದ್ವೀಪದ ಎಷ್ಟೋ ಸ್ಕೀ ಬೆಟ್ಟಗಳಲ್ಲಿ ಹಿಮಕ್ಕೆ ಬರ. ಇನ್ನೊಂದು ವಿಷಯ ಎತ್ತರದ್ದು. ಹಕುಬಾದ ಹಪ್ಪೋ ಬೆಟ್ಟವನ್ನೇ ತಗೊಳ್ಳಿ. ಬುಡ ಸುಮಾರು 760 ಮೀಟರ್, ಲಿಫ್ಟ್ ಹೋಗುವ ತುದಿ 1831 ಮೀಟರ್. ತುದಿಯಲ್ಲಿ ಹಿಮ ಬೀಳುವಾಗ ಬುಡದಲ್ಲಿ ಮಳೆ ಇರಬಹುದು. ಕಲಿಯುವವರ ಜಾಗ ಇರುವುದು ಬುಡದಲ್ಲೇ ಅಲ್ವಾ? ಅಂದರೆ ಸೀಸನ್ ಶುರುವಿನಲ್ಲಿ ಬೆಟ್ಟ ಮೇಲಿನಿಂದ ತೆರೆದುಕೊಳ್ಳುತ್ತಾ ಬರುತ್ತದೆ, ಹೊಸಬರ ಸರದಿ ಕೊನೆಗೆ. ಇದು ಸ್ಕೀ ಪ್ಯಾಕೇಜ್ ಮಾರುವವನಿಗೆ ಗೊತ್ತಿರಲ್ವಾ? ಗೊತ್ತಿರುತ್ತೆ. ಚೆನ್ನಾಗಿ ಗೊತ್ತಿರುತ್ತೆ.

ಆ ಮಾಲೀಕರೇ ಹೇಳಿದ್ದು, ಕರುಯಿಜಾವಾಕ್ಕೆ ಹೋಗಿ ಅಂತ. ನಾಗಾನೋದಿಂದ ಶಿಂಕಾನ್ಸೆನ್‌ನಲ್ಲಿ ಅರ್ಧ ಗಂಟೆ. ಟೋಕಿಯೊ ಕಡೆಯಿಂದಾದರೂ ಒಂದು ಗಂಟೆ ಚಿಲ್ಲರೆ. ಅಲ್ಲಿ ಯಂತ್ರದಿಂದ ಹಿಮ ಮಾಡಿ ನವೆಂಬರ್ ಶುರುವಿಗೇ ಸ್ಕೀ ಆರಂಭಿಸುತ್ತಾರೆ, ಇಳಿಜಾರೂ ಸಲೀಸು. ಕೈಯಿಂದ ದುಡ್ಡು ಹಾಕಿ ವಾಪಸ್ ಬರುವ ದಾರಿಯಲ್ಲಿ ಹೋದೆವು. ಎರಡೂ ಕಡೆ ಒಣ ಹುಲ್ಲು, ನಡುವೆ ಬಿಳಿ ಪಟ್ಟಿ, ಅದರ ಮೇಲೆ ಜಾತ್ರೆ. ಆದರೂ ಮಕ್ಕಳು ಕಾಲು ಅಗಲಿಸಿಕೊಂಡು, ಸ್ಕೀ ಮುಂತುದಿ ಕೂಡಿಸಿ, ಜಾರುವಾಗ ನಿಲ್ಲಿಸಿಕೊಳ್ಳುವುದನ್ನು ಕಲಿತರು. ದೊಡ್ಡವನು ಬೀಳದೆ ಕೆಳಗಿನವರೆಗೂ ಬಂದ. ಅದೇ ಏಜೆಂಟ್ ಮೊದಲೇ ಇಲ್ಲಿಗೆ ಕಳಿಸಿದ್ದರೆ ಅರ್ಧ ಖರ್ಚಿನಲ್ಲಿ ಆಗುತ್ತಿತ್ತು. ಕಳಿಸಲ್ಲ, ಅದರಲ್ಲಿ ಕಮಿಷನ್ ಕಡಿಮೆ ಅಂತ ಕಾಣುತ್ತದೆ.

ರೀಫಂಡ್ ಕತೆ ಚಿಕ್ಕದು. ಕೊಟ್ಟಿದ್ದು ಕ್ರೆಡಿಟ್ ನೋಟ್, ಅಂದರೆ ದುಡ್ಡಲ್ಲ, ಮುಂದಿನ ಪ್ಯಾಕೇಜಿಗೆ ಹೊಂದಿಸಿಕೊಳ್ಳುವ ಚೀಟಿ. ಅದು ಬರುವ ವರ್ಷಕ್ಕೆ, ಡಿಸೆಂಬರ್ ಮೊದಲ ಎರಡು ವಾರಕ್ಕೆ ಮಾತ್ರ ಚಾಲ್ತಿ. ತಮಾಷೆ ಅಲ್ಲ, ನಿಜವಾಗಿ ಹಾಗೇ ಬರೆದಿದೆ. ನಮ್ಮ ಟ್ರಾವೆಲ್ ಇನ್ಶೂರೆನ್ಸ್‌ನಲ್ಲಿ ಹಿಮ ಬೀಳದಿದ್ದರೆ ಏನೂ ಸಿಗಲ್ಲ. ಕಾರ್ಡಿನಲ್ಲಿ ಕಟ್ಟಿದ್ದರೆ ಬ್ಯಾಂಕಿನಲ್ಲಿ ತಕರಾರು ಎತ್ತಬಹುದಿತ್ತು. ಅದಕ್ಕೇ ಇರಬೇಕು "ಕಾರ್ಡಾದ್ರೆ ಎಕ್ಸ್‌ಟ್ರಾ ಆಗುತ್ತೆ ಮೇಡಂ, ಪೇನೌ ಮಾಡಿಬಿಡಿ" ಅಂದಿದ್ದು. (ಪೇನೌ ಅಂದರೆ ಇಲ್ಲಿ ಬ್ಯಾಂಕಿಂದ ನೇರವಾಗಿ ದುಡ್ಡು ಕಳಿಸುವುದು.) ಸಿಂಗಪುರದ ಸ್ಮಾಲ್ ಕ್ಲೇಮ್ಸ್ ಟ್ರಿಬ್ಯೂನಲ್‌ನಲ್ಲಿ (ಸಣ್ಣ ಮೊತ್ತದ ತಕರಾರುಗಳ ನ್ಯಾಯಮಂಡಳಿ) 20,000 ಸಿಂಗಪುರ ಡಾಲರ್‌ವರೆಗಿನ ದಾವೆ ಹಾಕಬಹುದು, ವಕೀಲರು ಬೇಡ. ಆ ಅರ್ಜಿ ತುಂಬುತ್ತಿದ್ದೇನೆ. ಹೇಳಿದ ಮೇಲೆ "ನಮ್ಮ ನಮ್ಮಲ್ಲೇ ಯಾಕೆ ಮೇಡಂ ಇದೆಲ್ಲ" ಅಂತ ಬಂತು. ಬ್ಯಾಲೆನ್ಸ್ ಕೇಳುವಾಗ ನೆನಪಾಗಲಿಲ್ವಾ, ನಾವು ನಾವೇ ಅಂತ?

ಹೋಗುವವರು ಇಷ್ಟು ಮಾಡಿ. ಯಾವ ತಾರೀಖಿಗೆ ರೆಸಾರ್ಟ್ ಶುರು ಅಂತ ಕೇಳಬೇಡಿ. ಹೋದ ವರ್ಷ ಇದೇ ವಾರ ಬುಡದ ಹಸಿರು ದಾರಿ ನಡೆಯುತ್ತಿತ್ತಾ, ಯಾವ ಲಿಫ್ಟು, ಅಂತ ಹೆಸರು ಹಿಡಿದು ಕೇಳಿ. ಸ್ಕೀ ಕ್ಲಾಸಿನವರಿಗೆ ನೀವೇ ನೇರವಾಗಿ ಮೇಲ್ ಹಾಕಿ, ಉತ್ತರ ಕೊಡ್ತಾರೆ, ನನಗೆ ಆಮೇಲೆ ಒಂದೇ ದಿನದಲ್ಲಿ ಕೊಟ್ಟರು. ಬೆಟ್ಟದ ಬುಡದ ಕ್ಯಾಮೆರಾ ಆನ್‌ಲೈನ್‌ನಲ್ಲಿ ಸಿಗುತ್ತದೆ, ಏಜೆಂಟ್ ಕಳಿಸುವ ಫೋಟೋ ಬಿಟ್ಟು ಅದನ್ನು ನೋಡಿ. ರೂಮನ್ನು ಕೊನೆ ಗಳಿಗೆವರೆಗೂ ರದ್ದು ಮಾಡಲು ಬಿಡುವ ಕಡೆ ಹಿಡಿಯಿರಿ. ಉತ್ತರದ ಹೊಕ್ಕಾಯ್ಡೊ ದ್ವೀಪ, ಅಲ್ಲಿನ ಸ್ಕೀ ಊರು ನಿಸೆಕೊ ಅಂತ ಹೇಳಿದರೂ ಡಿಸೆಂಬರ್ ಶುರುವಿಗೆ ಇದೇ ಪ್ರಶ್ನೆ ಕೇಳಿ. ಗ್ಯಾರಂಟಿ ಅಂದವರ ಹತ್ತಿರ ಗ್ಯಾರಂಟಿಯ ಷರತ್ತನ್ನು ದುಡ್ಡು ಕೊಡುವ ಮೊದಲೇ ಬರೆಸಿಕೊಳ್ಳಿ. ಊಟದ ಪಂಕ್ತಿಯಲ್ಲಿ ಸಿಕ್ಕವರಾದರೂ ಸರಿ.

ಇಷ್ಟು ಉದ್ದ ಬರೆಯಲು ಕಾರಣ ನಿನ್ನೆ ನೋಡಿದ್ದು. ಕರುಯಿಜಾವಾದಲ್ಲಿ ತೆಗೆದ ಮಗಳ ಫೋಟೋವನ್ನು ನಾನು ವಾಟ್ಸ್ಆ್ಯಪ್ ಸ್ಟೇಟಸ್‌ನಲ್ಲಿ ಹಾಕಿದ್ದೆ. ಅದನ್ನೇ ತೆಗೆದುಕೊಂಡು, ಪಕ್ಕದ ಒಣ ಹುಲ್ಲು ಕಾಣದ ಹಾಗೆ ಕತ್ತರಿಸಿ, "ಹಕುಬಾ ಅರ್ಲಿ ಸೀಸನ್, ಹ್ಯಾಪಿ ಫ್ಯಾಮಿಲಿ" ಅಂತ ಬರೆದು ಬರುವ ವರ್ಷದ ಪ್ಯಾಕೇಜಿಗೆ ಜಾಹೀರಾತು ಮಾಡಿದ್ದಾರೆ. ತೆಗೀರಿ ಅಂದೆ. "ಫೋಟೋ ತುಂಬಾ ಚೆನ್ನಾಗಿದೆ ಮೇಡಂ, ಪಾಪು ಎಷ್ಟು ಖುಷಿಯಾಗಿದೆ" ಅಂದರು. ಇದನ್ನು ಬರೆಯುವ ಹೊತ್ತಿಗೂ ತೆಗೆದಿಲ್ಲ. ಹಳದಿ ಜಾಕೆಟ್ಟು, ನೇರಳೆ ಹೆಲ್ಮೆಟ್ಟು, ಮುಂದಿನ ಎರಡು ಹಲ್ಲು ಇಲ್ಲ. ಆ ಜಾಹೀರಾತು ನಿಮಗೂ ಬಂದರೆ ತಿಳಿದುಕೊಳ್ಳಿ, ಅದು ಹಕುಬಾ ಅಲ್ಲ, ಆ ಹಿಮ ಯಂತ್ರದ್ದು, ಟಿಕೆಟ್ಟಿನ ದುಡ್ಡು ನಮ್ಮದು.