ಪೀಣ್ಯದ ಸಣ್ಣ ಘಟಕಕ್ಕೆ ಪೇರೋಲ್ (ಸಂಬಳ ಲೆಕ್ಕದ) ತಂತ್ರಾಂಶ: ಮೂರು ವರ್ಷ ಬಳಸಿದ ಮೇಲೆ

ಐದಕ್ಕೆ ಮೂರೂವರೆ ಅಂಕ. ಲೆಕ್ಕದಲ್ಲಿ ಚುರುಕು, ಕಾನೂನು ಬದಲಾದಾಗ ಮಂದ.

ನಮ್ಮದು ಶೀಟ್ ಮೆಟಲ್ ಕೆಲಸ. ಆರೇಳು ಜನರಿದ್ದಾಗ ಸಂಬಳಕ್ಕೆ ಒಂದು ಎಕ್ಸೆಲ್ ಹಾಳೆ ಸಾಕಾಗಿತ್ತು. ಹತ್ತು ಮಂದಿಯಾದಾಗ ಇಎಸ್ಐ (ನೌಕರರ ಆರೋಗ್ಯ ವಿಮೆ) ಬಂತು, ಇಪ್ಪತ್ತಾದಾಗ ಪಿಎಫ್ (ಭವಿಷ್ಯ ನಿಧಿ). ಹೊಸದಾಗಿ ಉದ್ಯಮ ಶುರುಮಾಡಿದವರು ಇಲ್ಲೊಂದು ಸಂಗತಿ ಗಮನಿಸಬೇಕು: ಈ ತಲೆ ಎಣಿಕೆಯಲ್ಲಿ ಗುತ್ತಿಗೆದಾರರ ಮೂಲಕ ನಮ್ಮ ಕೆಲಸಕ್ಕೆ ಬರುವವರೂ ಸೇರುತ್ತಾರೆ. ಏಜೆನ್ಸಿಯವರು ಕಳಿಸಿದ ಹೆಲ್ಪರ್ ನಮ್ಮವನಲ್ಲ ಎಂದುಕೊಂಡು ಕೂತರೆ ತನಿಖೆಗೆ ಬಂದ ಅಧಿಕಾರಿ ಒಪ್ಪುವುದಿಲ್ಲ.

ತಂತ್ರಾಂಶ ಕೊಂಡಿದ್ದು ಮುಖ್ಯವಾಗಿ ಪಿಎಫ್‌ಗಾಗಿ, ಅದರಲ್ಲಿ ದೂರಲು ಏನೂ ಇಲ್ಲ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 16,000 ಇರುವ ನಮ್ಮ ವೆಲ್ಡರ್‌ನ ಉದಾಹರಣೆ ನೋಡಿ. ಪಿಎಫ್ ಲೆಕ್ಕಕ್ಕಿರುವ 15,000 ವೇತನ ಮಿತಿಗೆ ಲೆಕ್ಕ ಹಾಕಿದರೆ ಅವನ ಪಾಲು 1,800. ನಾವು ಕೊಡುವ 1,800ರಲ್ಲಿ 1,250 ಪಿಂಚಣಿಗೆ, ಉಳಿದ 550 ಅವನ ಪಿಎಫ್ ಖಾತೆಗೆ. ಇದರ ಮೇಲೆ ವಿಮೆಗೆ 75, ಆಡಳಿತ ಶುಲ್ಕ 75. ಇಷ್ಟನ್ನೂ ಒಡೆದು, ಪೋರ್ಟಲ್‌ಗೆ ಏರಿಸಬೇಕಾದ ಇಸಿಆರ್ (ತಿಂಗಳ ಪಿಎಫ್ ವಂತಿಗೆಯ ವಿವರ) ಕಡತವನ್ನು ತಯಾರಿಸಿ ಕೈಗಿಡುತ್ತದೆ. ಕಡತ ತಿರಸ್ಕೃತವಾಗಿದ್ದು ನನಗೆ ನೆನಪಿಲ್ಲ. ಆದರೆ ಹಣ ಕಟ್ಟುವುದು ನಮ್ಮದೇ ಜವಾಬ್ದಾರಿ. ಪಿಎಫ್, ಇಎಸ್ಐ ಎರಡಕ್ಕೂ ಮುಂದಿನ ತಿಂಗಳ 15 ಕೊನೆಯ ದಿನ. ಪಿಎಫ್ ತಡವಾದರೆ ವರ್ಷಕ್ಕೆ ಶೇ 12ರ ಬಡ್ಡಿ, ಅದರ ಮೇಲೆ ದಂಡ. ಗ್ರಾಹಕರಿಂದ ಬಿಲ್ ಹಣ ಬಂದಿಲ್ಲ ಎಂಬ ನೆಪ ಅಲ್ಲಿ ನಡೆಯುವುದಿಲ್ಲ.

ತಕರಾರು ಇಎಸ್ಐನಿಂದ ಶುರುವಾಗುತ್ತದೆ. 21,000ವರೆಗಿನ ಸಂಬಳಕ್ಕೆ ನೌಕರನಿಂದ ಶೇ 0.75, ನಮ್ಮಿಂದ ಶೇ 3.25. ಒಬ್ಬ ಆಪರೇಟರ್‌ಗೆ ಜುಲೈನಲ್ಲಿ 20,000ದಿಂದ 22,000ಕ್ಕೆ ಏರಿಸಿದೆವು. ಮಿತಿ ದಾಟಿತಲ್ಲ ಎಂದು ತಂತ್ರಾಂಶ ಆ ತಿಂಗಳೇ ಅವನನ್ನು ಇಎಸ್ಐ ಪಟ್ಟಿಯಿಂದ ಕೈಬಿಟ್ಟಿತು. ನಿಯಮ ಹಾಗಿಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಎಂದು ಎರಡು ವಂತಿಗೆ ಅವಧಿಗಳಿವೆ. ಅವಧಿಯ ನಡುವೆ ಸಂಬಳ ಏರಿದರೂ ಅದು ಮುಗಿಯುವವರೆಗೆ, ಅದೂ ಪೂರ್ತಿ 22,000ದ ಮೇಲೆ, ಕಟ್ಟಲೇಬೇಕು. ನಮ್ಮ ಅಕೌಂಟೆಂಟ್ ಮೇಡಂ ಚಲನ್ ತೆಗೆಯುವ ಮುನ್ನ ಹಿಡಿದರು. ಅವನ ಹೆಂಡತಿ ಆಗ ಗರ್ಭಿಣಿ, ರಾಜಾಜಿನಗರದ ಇಎಸ್ಐ ಆಸ್ಪತ್ರೆಯಲ್ಲಿ ತೋರಿಸುತ್ತಿದ್ದರು. ಪರದೆಯ ಮೇಲೆ ಒಂದು ಸಾಲು ಅಳಿಸಿಹೋದರೆ ಯಾರಿಗೆ ಏಟು ಬೀಳುತ್ತದೆ ಎಂಬುದು ಬೆಂಬಲ ವಿಭಾಗದವರಿಗೆ ಅರ್ಥವಾಗಲು ಮೂರು ದೂರವಾಣಿ ಕರೆ ಬೇಕಾಯಿತು. ಆಮೇಲೆ ಸರಿಪಡಿಸಿದರು, ಅದನ್ನು ಒಪ್ಪುತ್ತೇನೆ.

ವೃತ್ತಿ ತೆರಿಗೆಯದು ಇನ್ನೂ ವಿಚಿತ್ರ. ಕರ್ನಾಟಕದಲ್ಲಿ 25,000 ಮತ್ತು ಮೇಲಿನ ಸಂಬಳಕ್ಕೆ ತಿಂಗಳಿಗೆ 200 ರೂಪಾಯಿ. 2025ರ ತಿದ್ದುಪಡಿಯ ನಂತರ ಫೆಬ್ರವರಿಯಲ್ಲಿ ಮಾತ್ರ 300, ವರ್ಷಕ್ಕೆ ಒಟ್ಟು 2,500. ಹತ್ತು ತಿಂಗಳು ಮುಂಚೆಯೇ ಗೊತ್ತಿದ್ದ ಬದಲಾವಣೆ ಇದು. ಆದರೂ ಈ ಫೆಬ್ರವರಿಯಲ್ಲಿ ತಂತ್ರಾಂಶ ತಣ್ಣಗೆ 200 ಮುರಿದುಕೊಂಡಿತು. ಕೇಳಿದರೆ, ‘ಮುಂದಿನ ಅಪ್‌ಡೇಟ್‌ನಲ್ಲಿ ಸರಿಹೋಗುತ್ತದೆ ಸರ್’ ಎಂಬ ಉತ್ತರ. ಮಾರ್ಚ್‌ನಲ್ಲಿ ತಲಾ ನೂರು ರೂಪಾಯಿ ಹೆಚ್ಚು ಹಿಡಿದದ್ದೇಕೆ ಎಂದು ಸೂಪರ್‌ವೈಸರ್‌ಗೆ ವಿವರಿಸಿದ್ದು ನಾನು, ಅವರಲ್ಲ.

ಹೊಸಬರ ಯುಎಎನ್ (ಪಿಎಫ್ ಸದಸ್ಯನ ಕಾಯಂ ಸಂಖ್ಯೆ) ತೆಗೆಯುವ ಕೆಲಸದಲ್ಲಿ ಯಾವ ತಂತ್ರಾಂಶವೂ ನೆರವಿಗೆ ಬಾರದು. 2025ರ ಆಗಸ್ಟ್‌ನಿಂದ ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ಆಧಾರ್ ಮುಖ ದೃಢೀಕರಣ ಮಾಡಿಸಬೇಕು. ರಾಯಚೂರಿನಿಂದ ಬಂದ ಹುಡುಗನನ್ನು ಪ್ರೆಸ್ ಯಂತ್ರದ ಪಕ್ಕದಿಂದ ಬೆಳಕಿರುವ ಗೇಟಿನ ಬಳಿಗೆ ಕರೆದು, ಮುಖದ ಮಸಿ ಒರೆಸಿ, ಕಣ್ಣು ಮಿಟುಕಿಸಪ್ಪಾ ಎಂದು ಮೊಬೈಲ್ ಹಿಡಿದು ನಿಂತಿರುತ್ತೇವೆ. ಆಧಾರ್‌ನಲ್ಲಿ ಬಸವರಾಜ, ಪಾಸ್‌ಬುಕ್ಕಿನಲ್ಲಿ ಬಸಪ್ಪ ಎಂದಿದ್ದರೆ ಅದು ಬೇರೆಯದೇ ಪುರಾಣ. ಮಾರುವವರು ಇದನ್ನೆಲ್ಲ ‘ಒಂದೇ ಕ್ಲಿಕ್’ ಎನ್ನುತ್ತಾರೆ.

ಟಿಡಿಎಸ್ (ಸಂಬಳದಲ್ಲೇ ಆದಾಯ ತೆರಿಗೆ ಹಿಡಿಯುವ) ಭಾಗ ಚೆನ್ನಾಗಿದೆ ಎನ್ನುತ್ತಾರೆ. ನಮ್ಮಲ್ಲಿ ಈಗ ಯಾರ ಸಂಬಳವೂ ಅಲ್ಲಿಗೆ ಮುಟ್ಟುವುದಿಲ್ಲ, ಹಾಗಾಗಿ ಅಂಕ ಕೊಡುವುದಿಲ್ಲ. ಸಂಬಳದ ಚೀಟಿ ಕನ್ನಡದಲ್ಲಿ ಸಿಗುತ್ತದೆ. ಕಡಿತಗಳ ಬಗ್ಗೆ ಕೌಂಟರಿಗೆ ಬಂದು ಕೇಳುವವರು ಇದರಿಂದ ನಿಜವಾಗಿ ಕಡಿಮೆಯಾದರು. ದರವೂ ತೀರಾ ಹೊರೆಯಲ್ಲ, ಒಬ್ಬ ನೌಕರನಿಗೆ ತಿಂಗಳಿಗೆ ದರ್ಶಿನಿಯ ಒಂದು ಊಟದಷ್ಟು.

ಹತ್ತು ಮಂದಿಯೊಳಗಿನವರು ಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ. ಕೊಳ್ಳುವವರು ಡೆಮೊ ತೋರಿಸಲು ಬಂದವರಿಗೆ ಎರಡು ಪ್ರಶ್ನೆ ಹಾಕಿ: ಜುಲೈನಲ್ಲಿ ಸಂಬಳ 22,000 ಆದರೆ ಇಎಸ್ಐ ಯಾವ ತಿಂಗಳವರೆಗೆ? ಫೆಬ್ರವರಿಯ ವೃತ್ತಿ ತೆರಿಗೆ ಎಷ್ಟು? ಉತ್ತರವನ್ನು ಬಾಯಲ್ಲಿ ಹೇಳಿಸಿಕೊಳ್ಳಬೇಡಿ, ಪರದೆಯ ಮೇಲೆ ಸಂಬಳ ಓಡಿಸಿ ತೋರಿಸಲು ಹೇಳಿ. ನಾನು ಚಂದಾ ಮುಂದುವರಿಸಿದ್ದೇನೆ, ಆದರೆ ವಾರ್ಷಿಕ ರಿಯಾಯಿತಿ ಬಿಟ್ಟು ತಿಂಗಳ ಲೆಕ್ಕದಲ್ಲಿ.