36 ವಾಟ್ ಅಂತ ಹೇಳಿ 11 ವಾಟ್ ಲೈಟ್ ಕೊಟ್ಟರು: ಗಿಡ ಇರುವ ಮೀನಿನ ಟ್ಯಾಂಕ್ ಇಡುವವರು ದಯವಿಟ್ಟು ಓದಿ

ಡಬ್ಬದ ಮೇಲೆ 36 ಅಂತ ದಪ್ಪಕ್ಷರದಲ್ಲಿದೆ. ಅಂಗಡಿಯವನೂ ಬಾಯಿಬಿಟ್ಟು 36 ವಾಟ್ ಅಂದ. ಒಂದು ಸಲ ಅಲ್ಲ, ಮೂರು ಸಲ. ಮನೆಯಲ್ಲಿ ಮೀಟರ್ ಹಾಕಿ ನೋಡಿದರೆ 11 ವಾಟ್. ನಾಲ್ಕು ತಿಂಗಳು ಹಾಳಾಯಿತು, ದುಡ್ಡು ಹೋಯಿತು, ಗಿಡ ಎಲ್ಲ ಕೊಳೆಯಿತು. ಬರೆಯುವಾಗಲೂ ಕೈ ನಡುಗುತ್ತಿದೆ, ಅಷ್ಟು ಸಿಟ್ಟು.

ನಮ್ಮ ಮನೆ ವಿಜಯನಗರದಲ್ಲಿ. ಮಗಳಿಗೆ ಗಿಡ ಇರುವ ಮೀನಿನ ಟ್ಯಾಂಕ್ ಬೇಕು ಅಂತ ಎರಡು ವರ್ಷದಿಂದ ಆಸೆ. ಯುಗಾದಿ ಆದಮೇಲೆ ತಂದೆವು. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಹದಿನೈದು ಇಂಚು ಎತ್ತರ, ಸುಮಾರು 70 ಲೀಟರ್ ನೀರು. ಲೈಟ್ ಮತ್ತು ಗಿಡಕ್ಕೆ ಊರ ಇನ್ನೊಂದು ತುದಿಯ ದೊಡ್ಡ ಅಂಗಡಿಗೆ ಹೋದೆವು. ಹೆಸರು ಬೇಡ. ನಾನು ಸ್ಪಷ್ಟವಾಗಿ ಕೇಳಿದೆ: "ಅಣ್ಣ, ಕೆಳಗೆ ಹಸಿರು ಹಾಸಿದ ಹಾಗೆ ಹರಡುವ ಗಿಡ ಬೇಕು, ಕೆಂಪು ಗಿಡವೂ ಬೇಕು. ಈ ಲೈಟ್ ಸಾಕಾಗುತ್ತಾ?"

"ಮೇಡಂ, ಕಣ್ಣು ಮುಚ್ಕೊಂಡು ತಗೊಳ್ಳಿ. 36 ವಾಟ್. ಪ್ಲಾಂಟೆಡ್ ಸ್ಪೆಷಲ್."

ಅಂಗಡಿಯ ಟ್ಯಾಂಕ್ ಮೇಲಿಟ್ಟು ತೋರಿಸಿದ. ನೀಲಿ ಮಿಶ್ರಿತ ಬಿಳಿ ಬೆಳಕು, ಮೀನುಗಳು ಫಳಫಳ ಹೊಳೆಯುತ್ತಿದ್ದವು. ಮಗಳ ಮುಖ ನೋಡಿ ನಾನೂ ಒಪ್ಪಿದೆ. ಲೈಟಿಗೆ 3,200. ಮಾಂಟೆ ಕಾರ್ಲೊ, ರೋಟಾಲ, ಕ್ರಿಪ್ಟೊಕೊರೈನ್, ವ್ಯಾಲಿಸ್ನೇರಿಯ ಅನ್ನುವ ನಾಲ್ಕು ಗಿಡ, ಜೊತೆಗೆ ಕೆಳಗೆ ಹಾಕುವ ಮಣ್ಣು, ಎಲ್ಲ ಸೇರಿ ಇನ್ನೂ 3,400. ಬಿಲ್ ಕೇಳಿದ್ದಕ್ಕೆ "ಬಿಲ್ ಬೇಕು ಅಂದ್ರೆ 18 ಪರ್ಸೆಂಟ್ ಜಾಸ್ತಿ ಆಗುತ್ತೆ ಮೇಡಂ, ಸುಮ್ನೆ ಯಾಕೆ" ಅಂದ. ಒಂದು ಚೀಟಿ ಕೊಟ್ಟ, ಅಷ್ಟೆ.

ಎರಡನೇ ವಾರಕ್ಕೆ ಕ್ರಿಪ್ಟೊಕೊರೈನ್ ಎಲೆಗಳು ಕರಗಿದವು. ಫೋಟೊ ಕಳಿಸಿದೆ. "ಮೊದಲು ಮೆಲ್ಟ್ ಆಗುತ್ತೆ ಮೇಡಂ, ಆಮೇಲೆ ಬರುತ್ತೆ" ಅಂದ. ಇದು ನಿಜವೇ. ಹೊಸ ನೀರಿಗೆ ಹೋದ ಕ್ರಿಪ್ಟೊ ಹಳೇ ಎಲೆ ಬಿಟ್ಟು ಹೊಸದು ಕೊಡುತ್ತದೆ, ಈಗ ಗೊತ್ತು ನನಗೆ. ಆದರೆ ಆ ಒಂದು ನಿಜವನ್ನು ಹಿಡಿದುಕೊಂಡು ಅವನು ಎರಡು ತಿಂಗಳು ದೂಡಿದ! ಮಾಂಟೆ ಕಾರ್ಲೊ ನೆಲಕ್ಕೆ ಅಂಟಿ ಹರಡಬೇಕಿತ್ತು, ಅದು ಬೆಳಕು ಹುಡುಕಿಕೊಂಡು ಮೇಲಕ್ಕೆ ಎದ್ದಿತು. ಕೆಂಪು ಅಂತ ಕೊಟ್ಟ ರೋಟಾಲ ಹಸಿರಾಯಿತು, ಕಾಂಡ ಉದ್ದುದ್ದ, ಕೆಳಗಿನ ಎಲೆ ಎಲ್ಲ ಉದುರಿದವು. ಬೆಳಕು ಸಾಲದಿದ್ದರೆ ಆಗುವುದೇ ಇದು. ಫೋಟೊ ನೋಡಿದ ತಕ್ಷಣ ಅವನಿಗೆ ಗೊತ್ತಾಗಿರಲೇಬೇಕು, ಅಲ್ವಾ?

ಅವನು ಹೇಳಿದ್ದು ಏನು? "ನಿಮ್ಮದು ಬೋರ್ ನೀರು ಇರಬೇಕು." ನಮಗೆ ಬರುವುದು ಕಾವೇರಿ ನೀರು. ಹೇಳಿದೆ. "ಹಾಗಾದ್ರೆ ಗೊಬ್ಬರ ಸಾಲ್ತಿಲ್ಲ." 650 ರೂಪಾಯಿ ಬಾಟಲಿ. "ಲೈಟ್ ದಿನಕ್ಕೆ ಹನ್ನೆರಡು ಗಂಟೆ ಹಾಕಿ." ಹಾಕಿದೆ. ಹತ್ತೇ ದಿನದಲ್ಲಿ ಗಾಜಿನ ತುಂಬ ಪಾಚಿ, ರೋಟಾಲ ಮೇಲೆ ಕೂದಲಿನಂಥ ಪಾಚಿ. ಬೆಳಕಿನ ಬಲ ಕಡಿಮೆ ಇದ್ದಾಗ ಗಂಟೆ ಜಾಸ್ತಿ ಮಾಡಿದರೆ ಗಿಡಕ್ಕೆ ಹೆಚ್ಚೇನೂ ಸಿಗುವುದಿಲ್ಲ, ಸೊರಗಿದ ಗಿಡ ಗೊಬ್ಬರ ಎಳೆದುಕೊಳ್ಳುವುದೂ ಕಡಿಮೆ, ಹಬ್ಬುವುದು ಪಾಚಿ. ಅದಕ್ಕೆ ಮತ್ತೆ 900 ರೂಪಾಯಿಯ "ಲಿಕ್ವಿಡ್ ಕಾರ್ಬನ್" ಕೊಟ್ಟ. ಅದರಲ್ಲಿ ಇದ್ದದ್ದು ಗ್ಲುಟರಾಲ್ಡಿಹೈಡ್, ಆಸ್ಪತ್ರೆಯ ಉಪಕರಣ ಶುದ್ಧ ಮಾಡಲು ಬಳಸುವ ರಾಸಾಯನಿಕ. ವ್ಯಾಲಿಸ್ನೇರಿಯಕ್ಕೆ ಅದು ಆಗುವುದಿಲ್ಲ. ಟ್ಯಾಂಕಿನಲ್ಲಿ ಚೆನ್ನಾಗಿದ್ದದ್ದು ಅದೊಂದೇ ಗಿಡ. ಅದೂ ಒಂದು ವಾರದಲ್ಲಿ ಲೋಳೆಯಾಯಿತು. ಮಗಳು ಕೈ ಹಾಕಿ ತೆಗೆಯುತ್ತಾ ಅತ್ತಳು.

ಆಮೇಲೆ ಒಂದು ಭಾನುವಾರ ನನ್ನ ತಮ್ಮ ಬಂದ. ಎಸ್.ಪಿ. ರಸ್ತೆಯಲ್ಲಿ ಕೊಂಡ, ಪ್ಲಗ್‌ಗೆ ಸಿಕ್ಕಿಸುವ ಪವರ್ ಮೀಟರ್ ತಂದಿದ್ದ. "ಅಕ್ಕ, ಈ ಲೈಟ್ 36 ವಾಟ್ ಇರೋ ಹಾಗೆ ಕಾಣ್ತಿಲ್ಲ" ಅಂತ ಸಿಕ್ಕಿಸಿದ. 11.2 ಅಂತ ಬಂತು. ತೆಗೆದು ಮತ್ತೆ ಹಾಕಿದ. 11.3. ಮೀಟರ್ ಕೆಟ್ಟಿರಬಹುದು ಅಂತ ನಾನೇ ಹಾಲ್‌ನ 9 ವಾಟ್ ಬಲ್ಬ್ ತಂದು ಹಾಕಿಸಿದೆ, ಅದು ಸರಿಯಾಗಿ 9ರ ಹತ್ತಿರ ತೋರಿಸಿತು. ಆಗ ಹೊಟ್ಟೆಯಲ್ಲಿ ಏನೋ ಕಿವುಚಿದ ಹಾಗಾಯಿತು. ಇಷ್ಟು ದಿನ ನನ್ನದೇ ತಪ್ಪು, ನನಗೇ ಗಿಡ ಸಾಕಲು ಬರುವುದಿಲ್ಲ ಅಂದುಕೊಂಡಿದ್ದೆ. ಪಾಚಿ ಬಂದಿದ್ದಕ್ಕೆ ಮಗಳಿಗೆ ಬೈದಿದ್ದೆ, ನೀನು ಊಟ ಜಾಸ್ತಿ ಹಾಕ್ತೀಯ ಅಂತ. ಅದೊಂದು ನನಗೆ ಈಗಲೂ ಚುಚ್ಚುತ್ತದೆ.

ಮೀಟರಿನ ವಿಡಿಯೊ ಕಳಿಸಿದೆ. ಎರಡು ದಿನ ಉತ್ತರ ಇಲ್ಲ. ಫೋನ್ ಮಾಡಿದೆ. ಉತ್ತರ ಹೀಗಿತ್ತು: "ಮೇಡಂ, 36 ಅಂದ್ರೆ ವಾಟ್ ಅಲ್ಲ. ಅದು ಮಾಡೆಲ್ ನಂಬರ್."

ಮಾಡೆಲ್ ನಂಬರ್ ಅಂತೆ! ಮೂರು ಸಲ 36 ವಾಟ್ ಅಂದಿದ್ದು ಇವನೇ. ಅದನ್ನು ಕೇಳಿದರೆ "ಎಲ್‌ಇಡಿಯಲ್ಲಿ 11 ಅಂದ್ರೆ ಹಳೇ ಟ್ಯೂಬಿನ 36ಕ್ಕೆ ಸಮ" ಅಂದ. ಒಂದೇ ಫೋನಿನಲ್ಲಿ ಎರಡು ಕಥೆ. ವಾಪಸ್ ತಗೊಳ್ಳಿ ಅಂದೆ. "ಯೂಸ್ ಮಾಡಿದ ಮಾಲು ತಗೊಳಲ್ಲ. ಗಿಡ ಸಾಕೋದು ಎಲ್ಲರಿಗೂ ಬರಲ್ಲ ಮೇಡಂ, ಪ್ಲಾಸ್ಟಿಕ್ ಗಿಡ ಇಡಿ" ಅಂದು ಫೋನ್ ಇಟ್ಟ.

ಹಾಗಾಗಿ ಹೇಳುತ್ತೇನೆ, ವಾಟ್ ಮಾತು ನಂಬಬೇಡಿ. ಅದು ಲೈಟ್ ತಿನ್ನುವ ಕರೆಂಟ್ ಅಷ್ಟೆ. ಲ್ಯೂಮೆನ್ (ಎಷ್ಟು ಬೆಳಕು ಕೊಡುತ್ತದೆ ಅನ್ನುವ ಅಳತೆ) ಎಷ್ಟು, ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಎಷ್ಟು ಅಂತ ಕೇಳಿ. ಅನುಬಿಯಾಸ್, ಜಾವಾ ಫರ್ನ್ ಥರದ ಗಿಡಕ್ಕೆ ಲೀಟರಿಗೆ 10ರಿಂದ 20 ಲ್ಯೂಮೆನ್ ಸಾಕು. ನೆಲದ ಹಾಸು, ಕೆಂಪು ಗಿಡ ಬೇಕಾದರೆ 40ರ ಆಸುಪಾಸು ಬೇಕು, ಜೊತೆಗೆ ಸಿಲಿಂಡರಿನ ಕಾರ್ಬನ್ ಡೈಆಕ್ಸೈಡ್ ಇದ್ದರೆ ಒಳ್ಳೆಯದು. ಇದು ಟ್ಯಾಂಕ್ ಇಡುವವರ ಅಂದಾಜು ಲೆಕ್ಕ. ಆಳ ಜಾಸ್ತಿಯಾದಷ್ಟೂ ಕೆಳಗೆ ಬೆಳಕು ಇಳಿಯುವುದು ಕಡಿಮೆ. 6500 ಕೆಲ್ವಿನ್ ಹಗಲಿನ ಬೆಳಕಿನ ಹತ್ತಿರ ಇರುತ್ತದೆ, ಅದು ಇದ್ದರೆ ನಿಶ್ಚಿಂತೆ. ಮೀನು ಹೊಳೆಯುತ್ತದೆ ಅಂತ ನೀಲಿ ಬೆಳಕಿಗೆ ಮರುಳಾಗಬೇಡಿ. ಶುರುವಿನಲ್ಲಿ ದಿನಕ್ಕೆ ಆರೇಳು ಗಂಟೆ ಸಾಕು, ಟೈಮರ್ ಹಾಕಿ. ಅಂಗಡಿಯಲ್ಲೇ ಮೀಟರಿಗೆ ಸಿಕ್ಕಿಸಿ ತೋರಿಸಿ ಅನ್ನಿ, ಒಪ್ಪದಿದ್ದರೆ ಎದ್ದು ಬನ್ನಿ.

ಮತ್ತೆ ಬಿಲ್. 18 ಪರ್ಸೆಂಟ್ ಹೋದರೆ ಹೋಗಲಿ, ಬಿಲ್ ತಗೊಳ್ಳಿ, ಅದರಲ್ಲಿ ವಾಟ್, ಲ್ಯೂಮೆನ್ ಎರಡೂ ಬರೆಸಿ. ನಾನು ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿದಾಗ ಮೊದಲು ಕೇಳಿದ್ದೇ ಬಿಲ್. ನನ್ನ ಹತ್ತಿರ ಇರುವ ಚೀಟಿಯಲ್ಲಿ "ಲೈಟ್ 1, ಗಿಡ 4" ಅಂತ ಇದೆ. ಅಂಗಡಿಯ ಹೆಸರೂ ಇಲ್ಲ.